ಮೂಲವನ್ನೇ ಓದಿಸಿದ ಅಧ್ಯಾಪಕರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಂಪ್ಯೂಟರ್ ಎಂಜಿನಿಯರುಗಳು. ಪದವಿ ತರಗತಿಯಲ್ಲಿ ಅವರು ಓದಿದ ‘ಆಪರೇಟಿಂಗ್ ಸಿಸ್ಟಂ’ ಪಾಠಕ್ಕೂ ಒಂದು ಇತಿಹಾಸವಿದೆ. ಯಂತ್ರದ ಸ್ಮೃತಿಯನ್ನೂ ಸಮಯವನ್ನೂ ಹಲವು ಪ್ರೋಗ್ರಾಮುಗಳಿಗೆ ಹಂಚಿಕೊಡುವ ತಂತ್ರಾಂಶವದು.

1976-77ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ಯೂನಿಕ್ಸ್‌ನ ಆರನೆಯ ಆವೃತ್ತಿಯ ತಿರುಳನ್ನು, ಸುಮಾರು 9,000 ಸಾಲುಗಳನ್ನು, ವಿದ್ಯಾರ್ಥಿಗಳ ಕೈಗಿತ್ತು, ಜೊತೆಗೆ ವ್ಯಾಖ್ಯಾನವನ್ನೂ ಬರೆದರು. ನಮ್ಮ ಹಿರಿಯರು ಸೂತ್ರಗಳಿಗೆ ಭಾಷ್ಯ ಬರೆದಂತೆಯೇ ಇದು. ಇಡೀ ವ್ಯವಸ್ಥೆಯನ್ನು ಒಬ್ಬನೇ ಓದಿ ಅರಿಯಬಹುದಾಗಿತ್ತು.

ಆದರೆ 1979ರ ಏಳನೆಯ ಆವೃತ್ತಿಯೊಡನೆ, ಯೂನಿಕ್ಸ್‌ನ ಒಡೆಯರಾದ ಎಟಿ ಅಂಡ್ ಟಿ ಕಂಪನಿಯವರು ಅದರ ಸೋರ್ಸ್ ಕೋಡನ್ನು ತರಗತಿಯಲ್ಲಿ ಬೋಧಿಸಬಾರದೆಂದು ನಿರ್ಬಂಧಿಸಿದರು. ಹಲವೆಡೆ ಪಾಠ ಬರಿಯ ಸಿದ್ಧಾಂತಕ್ಕೆ ಇಳಿಯಿತು. ಲಯನ್ಸರ ಪುಸ್ತಕವೋ, ನೆರಳಚ್ಚಿನ ನೆರಳಚ್ಚಾಗಿ ಗುಟ್ಟಿನಲ್ಲಿ ಕೈಯಿಂದ ಕೈಗೆ ಸಾಗಿತು.

ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಕೈಕಟ್ಟಿ ಕೂರಲಿಲ್ಲ. ಬೋಧನೆಗೆಂದೇ ‘ಮಿನಿಕ್ಸ್’ ಎಂಬ ಪುಟ್ಟ ವ್ಯವಸ್ಥೆಯನ್ನು ತಾವೇ ಬರೆದು, 1987ರಲ್ಲಿ ಪಠ್ಯಪುಸ್ತಕದೊಡನೆ ಹೊರತಂದರು. ಅದನ್ನು ಓದಿ ಬೆಳೆದ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದರು.

ಲಯನ್ಸರ ಪುಸ್ತಕ ಕಾನೂನುಬದ್ಧವಾಗಿ ಪ್ರಕಟವಾದದ್ದು 1996ರಲ್ಲಿ. ಎರಡೇ ವರ್ಷಗಳಲ್ಲಿ ಅವರು ತೀರಿಕೊಂಡರು. 2006ರಲ್ಲಿ ಅಮೆರಿಕದ ಎಂಐಟಿ ಅಧ್ಯಾಪಕರು ಅದೇ ಆರನೆಯ ಆವೃತ್ತಿಯನ್ನು ಇಂದಿನ ಯಂತ್ರಗಳಿಗೆ ಹೊಂದಿಸಿ ‘ಎಕ್ಸ್‌ವಿ6’ ಎಂದು ಹೊಸದಾಗಿ ಬರೆದರು. ವಿದ್ಯಾರ್ಥಿಗಳು ಈಗ ಅದನ್ನು ಓದುವುದಷ್ಟೇ ಅಲ್ಲ, ತಿದ್ದಿ ನಡೆಸಿಯೂ ನೋಡುತ್ತಾರೆ.

ಲಿನಕ್ಸ್ ಇಂದು ಕೋಟಿಗಟ್ಟಲೆ ಸಾಲುಗಳ ಸಾಗರ. ಅದನ್ನು ಪೂರ್ತಿ ಓದಿದವರಿಲ್ಲ. ಆದ್ದರಿಂದಲೇ ಓದಿ ಮುಗಿಸಬಹುದಾದ ಒಂದು ಚಿಕ್ಕ ಮೂಲ ತರಗತಿಯಲ್ಲಿರಬೇಕು. ಗೈಡು ಬದಿಗಿಟ್ಟು ಪಠ್ಯವನ್ನೇ ಓದಿರೆಂದು ನಾನು ನಿಮಗೆ ಹೇಳುತ್ತಿದ್ದುದೂ ಇದನ್ನೇ ಅಲ್ಲವೇ?