ಹಳೆಯ ಕಾರಿಗೆ ಹೊಸ ರೇಡಿಯೋ

ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿಯನ್ನು ಆರಂಭಿಸುವುದಕ್ಕೆ ಐದು ವರ್ಷ ಮೊದಲೇ, 1930ರಲ್ಲಿ, ಅಮೆರಿಕದ ಗ್ಯಾಲ್ವಿನ್ ಸೋದರರು ಕಾರಿನಲ್ಲಿ ಹಾಡುವ ರೇಡಿಯೋಕ್ಕೆ ‘ಮೋಟೊರೋಲ’ ಎಂದು ಹೆಸರಿಟ್ಟಿದ್ದರು.

ನಮ್ಮ ಕೆಮ್ಮಣ್ಣಿನಂಥ ಕಡಲಂಚಿನ ಊರಿನ ಉಪ್ಪುಗಾಳಿಗೆ ಹಳೆಯ ಕಾರಿನ ರೇಡಿಯೋ ಮೂಕವಾದರೆ, ಹೊಸದನ್ನು ಕೊಳ್ಳುವ ಮುನ್ನ ಕಾರಿನ ಚರಿತ್ರೆಯನ್ನು ಅರಿಯಿರಿ. ಎಂ.ಜಿ.ಬಿ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ 1967ರವರೆಗೆ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಇಂದಿನ ರೇಡಿಯೋಗಳಿಗೆ ಋಣಧ್ರುವವೇ ಹಾಗಿರಬೇಕು. ಇದನ್ನರಿಯದೆ ಜೋಡಿಸಿದರೆ ಹೊಸ ಯಂತ್ರ ಸುಟ್ಟೀತು. ಕಾರಿನ ಮುಂಬದಿಯ ಹಲಗೆಯನ್ನೂ ಕೊರೆಯಬೇಡಿರಿ. ಸಾಧ್ಯವಾದರೆ ಹಳೆಯ ಪೆಟ್ಟಿಗೆಯೊಳಗೇ ಹೊಸ ಯಂತ್ರವನ್ನು ಕೂರಿಸಿರಿ. ಓಲೆಗರಿಯನ್ನು ಪ್ರತಿಮಾಡುವವನು ಮೂಲವನ್ನು ಹರಿಯುವುದಿಲ್ಲವಷ್ಟೆ!