ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕಡೆ ಮಕ್ಕಳು ಕುಂಟೆಬಿಲ್ಲೆಯನ್ನೋ ಕಣ್ಣಾಮುಚ್ಚಾಲೆಯನ್ನೋ ಆಡುವಾಗ ತೀರ ಚಿಕ್ಕ ಮಗುವೊಂದು ‘ನನ್ನೂ ಸೇರಿಸ್ಕಳಿ’ ಎಂದು ಅಳುತ್ತಾ ಬಂದರೆ, ದೊಡ್ಡ ಮಕ್ಕಳು ಒಂದು ಉಪಾಯ ಮಾಡುತ್ತಾರೆ. ಅದನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಆದರೆ ಅದು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಮಾತು ಅಂಗಳ ದಾಟಿ ನಡುಮನೆಗೂ ಬಂದಿದೆ. ಆಸ್ತಿಯ ಮಾತು ನಡೆಯುವಾಗ ಕಾಫಿ ತಂದಿಡುವ ಸೊಸೆಯಂದಿರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳ ಕ್ರೀಡೆಯ ಚರಿತ್ರೆಯನ್ನು ಓದುತ್ತಾ ಹೋದಾಗಲೆಲ್ಲ ನನಗೆ ನೆನಪಾಗುವುದು ಈ ಮಾತೇ.

ಕ್ರೀಡೆಯೆಂದರೆ ಅರ್ಧ ಆಟ, ಇನ್ನರ್ಧ ಲೆಕ್ಕ. 1983ರಲ್ಲಿ ಕಪಿಲ್ ದೇವ್ ಅವರ ತಂಡ ವಿಶ್ವಕಪ್ ಗೆದ್ದಾಗ ನಾನು ಹೈಸ್ಕೂಲಿನ ಹುಡುಗಿ. ಹದಿಮೂರರ ಮಗ್ಗಿ ಬಾರದ ಹುಡುಗರಿಗೂ ಗಾವಸ್ಕರರ ಸೆಂಚುರಿಗಳ ಸಂಖ್ಯೆ, ಕಪಿಲ್ ಜಿಂಬಾಬ್ವೆಯ ಮೇಲೆ ಹೊಡೆದ 175 ರನ್ ಬಾಯಿಪಾಠವಾಗಿದ್ದವು. ಆ ತಂಡಕ್ಕೆ ತಕ್ಕ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿದ ಮೇಲೆ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಿಕ್ಕಿತು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅಷ್ಟು ಹೊತ್ತಿಗೆ ಭಾರತದ ಹೆಂಗಸರ ತಂಡವೂ 1978 ಮತ್ತು 1982ರಲ್ಲಿ ಎರಡು ವಿಶ್ವಕಪ್ ಆಡಿ ಬಂದಿತ್ತು. ಆ ತಂಡದ ಒಬ್ಬರ ಹೆಸರೂ ಆ ಹುಡುಗರಿಗೆ ಗೊತ್ತಿರಲಿಲ್ಲ. ಹುಡುಗಿಯರಾದ ನಮಗಾದರೂ ಗೊತ್ತಿತ್ತೇ? ಇಲ್ಲ.

ಆಟದ ಲೆಕ್ಕವನ್ನು ಬರೆದಿಡುವುದರಲ್ಲಿ ಇಂಗ್ಲಿಷರನ್ನು ಮೀರಿಸುವವರಿಲ್ಲ. ವಿಸ್ಡನ್ ಎಂಬ ಕ್ರಿಕೆಟ್ ಪಂಚಾಂಗ 1864ರಿಂದ ಪ್ರತಿವರ್ಷ ಹೊರಬರುತ್ತಿದೆ. 1889ರಲ್ಲಿ ಅದು ವರ್ಷದ ಶ್ರೇಷ್ಠ ಆಟಗಾರರನ್ನು ಆರಿಸುವ ಪದ್ಧತಿ ಹಾಕಿತು. ಆ ಪಟ್ಟಿಯಲ್ಲಿ ಮೊದಲ ಹೆಣ್ಣಿನ ಹೆಸರು ಬಂದದ್ದು 2009ರಲ್ಲಿ, ಇಂಗ್ಲೆಂಡಿನ ಕ್ಲೇರ್ ಟೇಲರ್ ಅವರದು. ಕಾದದ್ದು ನೂರಿಪ್ಪತ್ತು ವರ್ಷ! ಅಮೆರಿಕದವರು ಇನ್ನೊಂದು ಹೆಜ್ಜೆ ಮುಂದೆ. ಅವರ ಬೇಸ್‌ಬಾಲಿಗೆ ಅಂಕಪಟ್ಟಿಯ ಕ್ರಮ ರೂಪಿಸಿದವರು ಹೆನ್ರಿ ಚಾಡ್ವಿಕ್ ಎಂಬ ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ರಕರ್ತ. ಆದರೆ ಅಮೆರಿಕನ್ನರು ಆಟದ ಅಂಕದ ಜೊತೆಗೆ ಆಟಗಾರನ ಸಂಬಳವನ್ನೂ ಬಾಯಿಪಾಠ ಮಾಡುತ್ತಾರೆ. 1930ರಲ್ಲಿ ಬೇಬ್ ರೂತ್ ಎಂಬ ಆಟಗಾರನ ಸಂಬಳ 80,000 ಡಾಲರ್, ದೇಶದ ಅಧ್ಯಕ್ಷ ಹೂವರ್ ಸಂಬಳ 75,000 ಡಾಲರ್ ಎಂಬುದನ್ನು ಅವರು ಇಂದಿಗೂ ಮರೆತಿಲ್ಲ. ನಮ್ಮಲ್ಲಾದರೋ ಪಕ್ಕದ ಮನೆಯವರ ಸಂಬಳ ಕೇಳುವುದು ಸಹಜ, ಆಟಗಾರರ ಸಂಬಳ ಕೇಳುವುದು ಈಚಿನ ರೂಢಿ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಗಂಡಸರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಫುಟ್‌ಬಾಲ್ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟಳೆ 1961ರವರೆಗೂ ಇತ್ತು.

ಹೆಂಗಸರ ಆಟವನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಹಣವಿಲ್ಲ ಎನ್ನುವ ವಾದ ಸಾಮಾನ್ಯ. ಅದಕ್ಕೆ ಉತ್ತರ ಇಂಗ್ಲೆಂಡಿನ ಚರಿತ್ರೆಯಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ ಪ್ರೆಸ್ಟನ್ ನಗರದ ಡಿಕ್ ಕೆರ್ ಕಾರ್ಖಾನೆಯ ಹೆಣ್ಣಾಳುಗಳು ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು 53,000 ಜನ ಸೇರಿದರು. ಜಾಗ ಸಾಲದೆ ಇನ್ನೂ ಸಾವಿರಾರು ಜನ ಹೊರಗುಳಿದರು. ಮರುವರ್ಷವೇ, 1921ರ ಡಿಸೆಂಬರಿನಲ್ಲಿ, ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ ತನ್ನ ಮೈದಾನಗಳ ಬಾಗಿಲು ಹಾಕಿತು. ಆ ಬಾಗಿಲು ತೆರೆಯಲು ಐವತ್ತು ವರ್ಷ ಬೇಕಾಯಿತು. ಬ್ರೆಜಿಲ್ 1941ರಲ್ಲಿ ಕಾನೂನನ್ನೇ ಮಾಡಿ ಹೆಂಗಸರ ಫುಟ್‌ಬಾಲನ್ನು ತಡೆಯಿತು; ಅದು ತೆರವಾದದ್ದು 1979ರಲ್ಲಿ. ಜನ ನೋಡದೆ ಆಟ ಸೊರಗಿತೋ, ನೋಡಲು ಬಿಡದೆ ಸೊರಗಿಸಿದರೋ, ನೀವೇ ಹೇಳಿ.

ನಮ್ಮ ನಾಡಿಗೆ ಬರೋಣ. ಭಾರತದ ಹೆಂಗಸರ ತಂಡ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಿ. 1976ರ ಅಕ್ಟೋಬರ್ 31ರಂದು ವೆಸ್ಟ್ ಇಂಡೀಸ್ ವಿರುದ್ಧ ಅದು ಶುರುವಾಯಿತು. ಮಂಡ್ಯದಲ್ಲಿ ರೈಲು ಹತ್ತಿ ಮದ್ದೂರಿನಲ್ಲಿ ವಡೆ ಕೊಂಡರೆ, ಅದು ಅರಗುವಷ್ಟರಲ್ಲಿ ತಲುಪುವ ಊರು. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ಅವರ ತಂಡ ದೇಶಕ್ಕೆ ಮೊದಲ ಟೆಸ್ಟ್ ಗೆಲುವು ತಂದಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಹೊಡೆದ 108 ರನ್ ಭಾರತದ ಹೆಂಗಸೊಬ್ಬರ ಮೊದಲ ಟೆಸ್ಟ್ ಶತಕ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ. ಆ ಕಾಲದಲ್ಲಿ ಈ ಹುಡುಗಿಯರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಪ್ರಯಾಣ ಮಾಡಿ, ಡಾರ್ಮಿಟರಿಯಲ್ಲಿ ಮಲಗಿ, ಬ್ಯಾಟು ಪ್ಯಾಡುಗಳನ್ನು ಹಂಚಿಕೊಂಡು ಆಡಿದವರು. ಶಾಂತಾ ಅವರ ಅನ್ನಕ್ಕೆ ದಾರಿಯಾದದ್ದು ಕೆನರಾ ಬ್ಯಾಂಕಿನ ಉದ್ಯೋಗ. ಅಲ್ಲಿ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಕ್ರಿಕೆಟ್ ಮಂಡಳಿಯ ಜೀವಮಾನ ಸಾಧನೆಯ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 2017ರಲ್ಲಿ.

ಲೆಕ್ಕ ತಪ್ಪುವುದು ಹೇಗೆಂಬುದಕ್ಕೆ ಇನ್ನೊಂದು ಪ್ರಸಂಗ ಹೇಳಲೇಬೇಕು. 2010ರ ಫೆಬ್ರವರಿ 24ರಂದು ಗ್ವಾಲಿಯರ್‌ನಲ್ಲಿ ಸಚಿನ್ ತೆಂಡೂಲ್ಕರ್ ಏಕದಿನ ಪಂದ್ಯದಲ್ಲಿ ಇನ್ನೂರು ರನ್ ಮಾಡಿದಾಗ ದೇಶವೇ ಕುಣಿಯಿತು. ನಮ್ಮ ಸ್ಟಾಫ್ ರೂಮಿನಲ್ಲೂ ಪೇಡ ಹಂಚಿದರು, ನಾನೂ ತಿಂದೆ. ಏಕದಿನ ಕ್ರಿಕೆಟ್ಟಿನ ಚರಿತ್ರೆಯಲ್ಲೇ ಮೊದಲ ದ್ವಿಶತಕ ಎಂದು ಎಲ್ಲರೂ ಹೇಳಿದರು. ಆದರೆ ಆಸ್ಟ್ರೇಲಿಯದ ನಾಯಕಿ ಬೆಲಿಂಡಾ ಕ್ಲಾರ್ಕ್ ಅದಕ್ಕೂ ಹನ್ನೆರಡು ವರ್ಷ ಮೊದಲೇ, 1997ರ ಡಿಸೆಂಬರ್ 16ರಂದು, ವಿಶ್ವಕಪ್ಪಿನಲ್ಲಿ ಡೆನ್ಮಾರ್ಕ್ ಮೇಲೆ ಔಟಾಗದೆ 229 ರನ್ ಹೊಡೆದಿದ್ದರು. ಅದು ನಡೆದದ್ದು ಎಲ್ಲೋ ಅಲ್ಲ, ಸಚಿನ್ ಅವರ ಮುಂಬೈಯಲ್ಲೇ! ಡೆನ್ಮಾರ್ಕಿನದು ದುರ್ಬಲ ತಂಡ, ನಿಜ. ಅಂದು ಅದು 49 ರನ್ನಿಗೆ ಆಲೌಟಾಯಿತು. ಹಾಗೆಂದು ಹೊಡೆದ ರನ್ ಹೊಡೆದಿಲ್ಲವೆಂದು ಆಗುತ್ತದೆಯೇ? ಗಂಡಸರ ಕ್ರಿಕೆಟ್ಟಿನಲ್ಲಿ ಮೊದಲ ದ್ವಿಶತಕ ಎಂದು ಒಂದು ಪದ ಸೇರಿಸಿದ್ದರೆ ಸಚಿನ್ ಅವರ ಹಿರಿಮೆಗೇನೂ ಕುಂದಾಗುತ್ತಿರಲಿಲ್ಲ.

ಲೆಕ್ಕವಿಲ್ಲದ ಕಡೆಗೆ ದುಡ್ಡು ಬರುವುದಿಲ್ಲ. 2005ರ ವಿಶ್ವಕಪ್ಪಿನಲ್ಲಿ ಫೈನಲ್ ತಲುಪಿದ ನಮ್ಮ ಹೆಂಗಸರಿಗೆ ಪಂದ್ಯಕ್ಕೆ ಒಂದು ಸಾವಿರ ರೂಪಾಯಿ ಸಿಕ್ಕಿತೆಂದು ಅಂದಿನ ನಾಯಕಿ ಮಿಥಾಲಿ ರಾಜ್ ಆಮೇಲೆ ಹೇಳಿಕೊಂಡಿದ್ದಾರೆ. 2006ರಲ್ಲಿ ಹೆಂಗಸರ ಕ್ರಿಕೆಟ್ ಗಂಡಸರ ಮಂಡಳಿಯ ಕೆಳಗೆ ಬಂತು. 2022ರ ಅಕ್ಟೋಬರಿನಲ್ಲಿ ಮಂಡಳಿ ಇಬ್ಬರಿಗೂ ಒಂದೇ ಪಂದ್ಯ ಶುಲ್ಕವೆಂದು ಸಾರಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. ಟೆನಿಸ್‌ನಲ್ಲಿ ಅಮೆರಿಕದ ಓಪನ್ ಟೂರ್ನಿ ಬಿಲ್ಲಿ ಜೀನ್ ಕಿಂಗ್ ಅವರ ಹೋರಾಟದಿಂದ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತ್ತು. ವಿಂಬಲ್ಡನ್ ಒಪ್ಪಿಕೊಂಡದ್ದು 2007ರಲ್ಲಿ. ಆ ಲೆಕ್ಕದಲ್ಲಿ ನಮ್ಮದು ತೀರ ತಡವೇನಲ್ಲ. ಆದರೆ ಶುಲ್ಕ ಬೇರೆ, ವಾರ್ಷಿಕ ಒಪ್ಪಂದ ಬೇರೆ. 2024-25ರ ಸಾಲಿನಲ್ಲಿ ಗಂಡಸರ ಅತಿ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. ಅಮೆರಿಕದಲ್ಲೂ ಇದೇ ಕಥೆ: 2024ರಲ್ಲಿ ಬ್ಯಾಸ್ಕೆಟ್‌ಬಾಲಿನ ತಾರೆ ಕೇಟ್ಲಿನ್ ಕ್ಲಾರ್ಕ್ ಅವರ ಮೊದಲ ವರ್ಷದ ಸಂಬಳ 76,535 ಡಾಲರ್. ಅದೇ ವರ್ಷ ಗಂಡಸರ ಲೀಗಿಗೆ ಮೊದಲನೆಯವನಾಗಿ ಆಯ್ಕೆಯಾದ ಹುಡುಗನದು ಒಂದು ಕೋಟಿ ಡಾಲರಿಗೂ ಮಿಗಿಲು.

ಕ್ರಿಕೆಟ್ಟಿಗಾದರೂ ಟಿ.ವಿ. ಇದೆ. ನಮ್ಮ ಹೆಣ್ಣುಮಕ್ಕಳ ಆಟ ಖೊ-ಖೊ. ಮಂಡ್ಯ ಸೀಮೆಯ ಯಾವ ಶಾಲೆಗೆ ಹೋದರೂ ಬ್ಯಾಟಿಲ್ಲದಿರಬಹುದು, ಚೆಂಡಿಲ್ಲದಿರಬಹುದು, ಎರಡು ಕಂಬ ನೆಟ್ಟ ಖೊ-ಖೊ ಅಂಕಣ ಇರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊ-ಖೊದ ಮೊದಲ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತದ ಹೆಂಗಸರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿದವಳು ಬಿ. ಚೈತ್ರಾ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಮಳವಳ್ಳಿಯವರಿಗೆ ಹೊಳೆಯಾಚೆಯ ನೆಂಟರ ಊರಿದ್ದಂತೆ. ಗಂಡಸರ ತಂಡವೂ ಗೆದ್ದಿತು. ಅದರಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಅವರು ಬೇಡವೆಂದರು. ಏಕೆಂದರೆ ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡುವುದಾಗಿ ಹೇಳಿತ್ತು. ದುರಾಸೆ ಎಂದವರೂ ಇದ್ದಾರೆ. ನನಗೆ ಹಾಗನಿಸಲಿಲ್ಲ. ಒಂದೇ ತಂಡ, ಒಂದೇ ಪದಕ. ಗಡಿಯ ಆಚೆ ಒಂದು ಬೆಲೆ, ಈಚೆ ಇನ್ನೊಂದು. ಹಳ್ಳಿಯ ಹುಡುಗಿಯೊಬ್ಬಳು ‘ಇಷ್ಟು ಸಾಲದು’ ಎಂದು ಸರ್ಕಾರಕ್ಕೇ ಹೇಳಿದ್ದನ್ನು ನಾನು ಈ ವಯಸ್ಸಿನಲ್ಲಿ ಮೊದಲ ಸಲ ಕಂಡೆ. ಗಂಡು ಕೇಳಿದರೆ ಹಕ್ಕು, ಹೆಣ್ಣು ಕೇಳಿದರೆ ದುರಾಸೆ ಎನ್ನುವುದು ನಮ್ಮ ಜನರ ಹಳೆಯ ಜಾಡ್ಯ.

ಅದೇ ವರ್ಷ ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಅವರ ತಂಡ ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದಿತು. ಬಹುಮಾನ 44.8 ಲಕ್ಷ ಡಾಲರ್. 2023ರಲ್ಲಿ ಗೆದ್ದ ಗಂಡಸರ ತಂಡಕ್ಕೆ ಸಿಕ್ಕ 40 ಲಕ್ಷಕ್ಕಿಂತ ಹೆಚ್ಚು. ಮಾರನೆಯ ದಿನ ನನ್ನ ಒಂಬತ್ತನೆಯ ತರಗತಿಯ ಹುಡುಗಿಯರು ದೀಪ್ತಿ ಶರ್ಮಾ ಅವರ 58 ರನ್, 5 ವಿಕೆಟ್ಟುಗಳನ್ನು ಒಪ್ಪಿಸುವುದನ್ನು ಕೇಳಿದಾಗ 1983ರ ಹುಡುಗರು ನೆನಪಾದರು.

ನಾನು ಪಾಠ ಹೇಳುವುದು ಸಮಾಜ ವಿಜ್ಞಾನ. ಆದರೆ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ತಾಲ್ಲೂಕು ಮಟ್ಟದ ಆಟೋಟಗಳಲ್ಲಿ ಡ್ರಿಲ್ ಮೇಷ್ಟ್ರು ಖೊ-ಖೊ ಸ್ಕೋರು ಬರೆಯಲು ನನ್ನನ್ನೇ ಕೂರಿಸುತ್ತಿದ್ದರು. ಖೊ-ಖೊದ ಲೆಕ್ಕ ವಿಚಿತ್ರವಾದದ್ದು. ಅಟ್ಟಿಸಿಕೊಂಡು ಹೋಗಿ ಮುಟ್ಟಿದವಳಿಗೆ ಅಂಕ. ತಪ್ಪಿಸಿಕೊಂಡು ಉಳಿದವಳಿಗೆ ಅಂಕವಿಲ್ಲ, ಅವಳು ಎಷ್ಟು ನಿಮಿಷ ನಿಂತಳೆಂಬ ಸಮಯ ಮಾತ್ರ ಹಾಳೆಯ ಒಂದು ಕಾಲಂನಲ್ಲಿ ಇರುತ್ತದೆ. ಈಗಿನ ಹೊಸ ನಿಯಮದಲ್ಲಿ ಓಡುವವರ ಗುಂಪು ಮೂರು ನಿಮಿಷ ದಾಟಿ ನಿಂತರೆ ಅದಕ್ಕೂ ಅಂಕವುಂಟು, ‘ಡ್ರೀಮ್ ರನ್’ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಅದಿರಲಿಲ್ಲ. ಆಟ ಮುಗಿದ ಮೇಲೆ ಸೋತ ತಂಡದ ಹಾಳೆ ಬೋಂಡ ಕಟ್ಟುವುದಕ್ಕೆ ಹೋಗುತ್ತಿತ್ತು. ನೋಡಲಾರದೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಹುಡುಗಿಯರ ಹೆಸರು, ಊರು, ನಿಂತ ಸಮಯ ಬರೆದಿಡತೊಡಗಿದೆ. ಅದನ್ನು ಯಾವ ಇಲಾಖೆಯೂ ಕೇಳಿಲ್ಲ, ಕೇಳುವುದೂ ಇಲ್ಲ. ಒಬ್ಬ ತಂದೆ ಮಾತ್ರ ಒಮ್ಮೆ, ‘ಮೇಡಮ್ನೋರೆ, ಇಷ್ಟು ಓಡಿದ್ದಕ್ಕೆ ನಮ್ ಮಗೀಗೆ ಏನ್ ಕೊಟ್ಟಾರು?’ ಎಂದು ಕೇಳಿದ್ದರು. ಸರ್ಟಿಫಿಕೇಟು ಎಂದೆ. ‘ಅಷ್ಟೇಯಾ?’ ಎಂದು ಸೈಕಲ್ ಹತ್ತಿದರು.

ಹೋದ ವರ್ಷ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆ ತಂಡದ ಒಬ್ಬ ಹುಡುಗಿ ಸಿಕ್ಕಳು. ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಚೀಲ ಹಿಡಿದ ಗಂಡ. ಯೋಗಕ್ಷೇಮದ ಮಾತು ಮುಗಿಸಿ ಅವಳು ಕೇಳಿದಳು: ‘ಮಿಸ್, ಮದ್ದೂರು ಫೈನಲ್‌ನಲ್ಲಿ ನಾನು ಎಷ್ಟೊತ್ತು ನಿಂತಿದ್ದೆ, ನೆನಪಿದ್ಯಾ?’ ನೆನಪೇನು, ಬರೆದೇ ಇಟ್ಟಿದ್ದೆನಲ್ಲ. ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದೆ. ಅವಳು ಗಂಡನ ಕಡೆ ತಿರುಗಿ, ‘ಕೇಳುಸ್ಕಂಡ್ರಾ?’ ಎಂದಳು.