ಗಂಡಸಮುದ್ರದ ದಡದಲ್ಲಿ ಅರ್ಹಂತ

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಪ್ರಾಚೀನರಿಗೆ ಕೆರೆಯ ಅಗತ್ಯವೇನಿತ್ತು ಎಂಬ ಪ್ರಶ್ನೆ ಸಹಜವಾದುದು. ಉತ್ತರ ನದಿಯ ಪಾತ್ರದಲ್ಲಿಯೇ ಇದೆ. ಕೃಷ್ಣೆಯು ಎತ್ತರವಾದ ಎರೆಮಣ್ಣಿನ ದಂಡೆಗಳ ನಡುವೆ ತಗ್ಗಿನಲ್ಲಿ ಹರಿಯುವಳು. ಯಂತ್ರಗಳಿಲ್ಲದ ಕಾಲದಲ್ಲಿ ಆ ನೀರನ್ನು ಹೊಲಕ್ಕೆ ಏರಿಸುವುದು ಸುಲಭಸಾಧ್ಯವಾಗಿರಲಿಲ್ಲ. ನದಿಯಿಂದ ದೂರದ ಅಥಣಿಯ ಒಣಭೂಮಿಗಂತೂ ಕೃಷ್ಣೆ ಇದ್ದೂ ಇಲ್ಲದಂತೆಯೇ. ಆದುದರಿಂದ ಮಳೆಯ ನೀರನ್ನು ಬಿದ್ದಲ್ಲಿಯೇ ತಡೆದು ನಿಲ್ಲಿಸುವುದು, ಇಲ್ಲವೆ ಬಾವಿ ತೋಡಿ ಕಪಿಲೆಯಿಂದ ಎತ್ತುವುದು, ಈ ಎರಡೇ ಮಾರ್ಗಗಳು ಅಂದಿನವರಿಗೆ ಉಳಿದಿದ್ದವು. ಕಪಿಲೆಯ ಚೀಲವು ತೊಗಲಿನದು ಎಂಬುದನ್ನು ಶ್ರಾವಕರು ಮರೆಯಲಾರರು.

ಕಾಗವಾಡದ ನೆರೆಯ ಮಿರಜ ಪ್ರಾಂತವು ಶಾಸನಗಳಲ್ಲಿ ಮಿರಿಂಜ ದೇಶವೆಂದು ಕರೆಯಲ್ಪಟ್ಟಿದೆ. ಕೊಲ್ಲಾಪುರದ ಶಿಲಾಹಾರ ದೊರೆ ಗಂಡರಾದಿತ್ಯನು ಆ ದೇಶದ ಇರುಕುಡಿಯಲ್ಲಿ ಒಂದು ಕೆರೆಯನ್ನು ಕಟ್ಟಿಸಿ ಅದಕ್ಕೆ ಗಂಡಸಮುದ್ರವೆಂದು ಹೆಸರಿಟ್ಟನು. ಶಕ ವರ್ಷ 1032, ಅಂದರೆ ಕ್ರಿ.ಶ. 1110ರ ತಾಮ್ರಶಾಸನವು ಇದನ್ನು ತಿಳಿಸುತ್ತದೆ. ಆ ಕೆರೆಯ ದಡದಲ್ಲಿ ಶಿವ, ಬುದ್ಧ, ಅರ್ಹಂತ ಈ ಮೂವರಿಗೂ ನೆಲೆ ಕಲ್ಪಿಸಿ, ಮೂವರಿಗೂ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಈ ಸಂಗತಿಯನ್ನು ಸಾಮಾನ್ಯವಾಗಿ ಮತಸಹಿಷ್ಣುತೆಯ ನಿದರ್ಶನವಾಗಿ ಉಲ್ಲೇಖಿಸುವುದುಂಟು. ಅದು ಸರಿಯೇ. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅಂಶವೂ ಕಾಣುತ್ತದೆ. ದಡದಲ್ಲಿ ಮೂರು ಮತಗಳ ನೆಲೆಗಳಿದ್ದರೆ ಏರಿಯ ಮೇಲೆ ಮೂರು ಕಡೆಯವರ ಕಣ್ಣಿರುತ್ತದೆ. ಕೆರೆ ಯಾವ ಒಂದು ಪಂಗಡದ ಸೊತ್ತೂ ಆಗುವುದಿಲ್ಲ.

ಕೆರೆಯನ್ನು ಕಟ್ಟುವುದು ಒಮ್ಮೆಯ ವೆಚ್ಚ. ಉಳಿಸುವುದು ವರ್ಷವರ್ಷದ ವೆಚ್ಚ. ಹೂಳು ತುಂಬುತ್ತದೆ, ತೂಬು ಸವೆಯುತ್ತದೆ, ಕೋಡಿ ಕಟ್ಟಿಕೊಂಡರೆ ಒಂದೇ ಮಳೆಗೆ ಏರಿ ಒಡೆಯುತ್ತದೆ. ಕನ್ನಡ ನಾಡಿನ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೆರೆ ಕಟ್ಟಿದವನಿಗೆ ಅಥವಾ ಅದನ್ನು ದುರಸ್ತಿಯಲ್ಲಿಡುವವನಿಗೆ ಭೂಮಿಯಲ್ಲಿಯೋ ಫಸಲಿನಲ್ಲಿಯೋ ಒಂದು ಪಾಲನ್ನು ಬಿಡುವ ಪದ್ಧತಿಯಿತ್ತು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಇಂತಹ ಏರ್ಪಾಡುಗಳನ್ನೇ ಸೂಚಿಸುತ್ತವೆ. ಮೂಲಧನವನ್ನು ಮುಟ್ಟದೆ ಉತ್ಪನ್ನದಿಂದಲೇ ನಿರ್ವಹಣೆ ಸಾಗಬೇಕೆಂಬ ಇಂದಿನ ಟ್ರಸ್ಟುಗಳ ನಿಯಮಕ್ಕೆ ಇದಕ್ಕಿಂತ ಹಳೆಯ ಮಾದರಿಯನ್ನು ಹುಡುಕುವುದು ಕಷ್ಟ.

ಇಷ್ಟಾದರೂ ಜೈನ ಗೃಹಸ್ಥನಿಗೆ ಒಂದು ತೊಡಕು ಇದ್ದೇ ಇತ್ತು. ತತ್ತ್ವಾರ್ಥಸೂತ್ರವು ಪೃಥ್ವಿಯನ್ನೂ ಜಲವನ್ನೂ ಸ್ಥಾವರ ಜೀವಗಳಲ್ಲಿ ಎಣಿಸುತ್ತದೆ. ನೆಲ ಅಗೆದರೆ ಪೃಥ್ವೀಕಾಯಕ್ಕೆ ಹಿಂಸೆ; ನೀರು ಹರಿಸಿದರೆ ಅಪ್ಕಾಯಕ್ಕೆ ಹಿಂಸೆ. ಹಾಗೆಂದು ಬಾವಿ ತೋಡಬಾರದೆಂದರೆ ಬಾಯಾರಿದವರ ಗತಿಯೇನು? ಶ್ವೇತಾಂಬರ ಆಗಮವಾದ ಸೂತ್ರಕೃತಾಂಗವು ಈ ಇಕ್ಕಟ್ಟನ್ನು ನೇರವಾಗಿಯೇ ಎದುರಿಸಿದೆ. ಇಂತಹ ದಾನವನ್ನು ಹೊಗಳಿದರೆ ಪ್ರಾಣಿವಧೆಗೆ ಅನುಮೋದನೆ, ನಿಷೇಧಿಸಿದರೆ ಜನರ ಜೀವನೋಪಾಯಕ್ಕೆ ಅಡ್ಡಿ. ಆದುದರಿಂದ ಮುನಿಯು ಪುಣ್ಯವೆಂದೂ ಹೇಳಬಾರದು, ಅಲ್ಲವೆಂದೂ ಹೇಳಬಾರದು ಎಂಬುದು ಅದರ ತಾತ್ಪರ್ಯ. ಮುನಿಗೆ ಮೌನ ಸಲ್ಲುತ್ತದೆ. ಶ್ರಾವಕನಿಗೆ ಸಲ್ಲದು, ಅವನು ಸಂಸಾರದಲ್ಲಿದ್ದು ನಿರ್ಧರಿಸಲೇಬೇಕು. ಪಂಡಿತ ಆಶಾಧರನ ಸಾಗಾರಧರ್ಮಾಮೃತವು ಹೆಸರಿಸುವ ಕ್ರೂರಕರ್ಮಗಳಲ್ಲಿ ಸರಃಶೋಷವೂ, ಎಂದರೆ ಕೆರೆಯನ್ನು ಬತ್ತಿಸುವ ವೃತ್ತಿಯೂ, ಒಂದು. ಕೆರೆ ಕಟ್ಟುವ ವಿಷಯದಲ್ಲಿ ಸಂದೇಹವಿದ್ದರೂ ಬತ್ತಿಸುವ ವಿಷಯದಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

ಇಂದು ಸಾವಿರಾರು ಪಂಪುಗಳು ಕೃಷ್ಣೆಯನ್ನು ಕಬ್ಬಿನ ಗದ್ದೆಗೆ ಏರಿಸಿವೆ. ಅತಿಯಾದ ನೀರಿನಿಂದ ನದೀತೀರದ ಎಷ್ಟೋ ಫಲವತ್ತಾದ ಭೂಮಿ ಸವಳಾಗಿದೆ. 2019ರ ಬೇಸಿಗೆಯಲ್ಲಿ ಈ ಭಾಗದ ಕೃಷ್ಣೆಯ ಪಾತ್ರ ಬತ್ತಿಹೋಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಮಹಾಪೂರ ಬಂದು ಊರುಗಳೇ ಮುಳುಗಿದವು. ಸರಃಶೋಷವೆಂಬ ಮಾತನ್ನು ಆಶಾಧರನು ಯಾರದೋ ವೃತ್ತಿಯನ್ನು ಕುರಿತು ಬರೆದನು. ಈಗ ಅದು ಪಂಪು ಹೂಡಿದ ಪ್ರತಿಯೊಬ್ಬ ಗೃಹಸ್ಥನಿಗೂ, ಜೈನ ಕೃಷಿಕನನ್ನೂ ಸೇರಿಸಿ, ಅನ್ವಯಿಸುವಂತಾಗಿದೆ.

ನೀರು ಗಾಳಿಸುವ ನಿಯಮವನ್ನು ಎಲ್ಲ ಮನೆಗಳೂ ಬಲ್ಲವು. ಅದರ ಉತ್ತರಾರ್ಧ ಮಾತ್ರ ಮರೆತುಹೋಗುತ್ತಿದೆ. ಗಾಳಿಸಿದ ನೀರು ಎರಡು ಗಳಿಗೆಯವರೆಗೆ ಮಾತ್ರ ಯೋಗ್ಯ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಹಿಂದಿರುಗಿಸಬೇಕು. ಮೇಲಿನಿಂದ ಸುರಿಯಲಾಗದು. ತಳದಲ್ಲಿ ಕೊಂಡಿಯುಳ್ಳ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ, ಅಲ್ಲಿ ಮೆಲ್ಲನೆ ಮಗುಚಬೇಕು. ಇದು ತೆರೆದ ಬಾವಿಯಲ್ಲಿ ಮಾತ್ರ ಸಾಧ್ಯ. ಕೊಳವೆಬಾವಿಗೂ ನಲ್ಲಿಗೂ ಹಿಂದಿರುಗುವ ದಾರಿಯಿಲ್ಲ. ಮುನಿಗಳ ಆಹಾರಕ್ಕೆ ಇಂದಿಗೂ ಬಾವಿಯ ನೀರೇ ಬೇಕಾದುದರಿಂದ ಬಸದಿಗಳ ಆವರಣದಲ್ಲಿ ಹಳೆಯ ಬಾವಿಗಳು ಉಳಿದುಕೊಂಡಿವೆ. ಸುತ್ತಲಿನ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಈ ಬಾವಿಗಳ ಹಗ್ಗವೂ ಉದ್ದವಾಗುತ್ತಿದೆ.